ಬಲಗಡೆಯ ತಂತಿ

ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಬಾರದ ಅಂಗಡಿಯೊಂದರಲ್ಲಿ ಹೆಡ್‌ಫೋನ್ ರಿಪೇರಿಗೆ ಕೊಟ್ಟು ಕಾಯುತ್ತಿದ್ದೆ. ಪಕ್ಕದ ಮೇಜಿನಲ್ಲಿ ವಯಸ್ಸಾದ ಗಂಡ ಹೆಂಡತಿ ತಮ್ಮ ಹೆಡ್‌ಫೋನಿಗೆ ಹೊಸ ತಂತಿಗಳನ್ನು ಒಂದೊಂದಾಗಿ ಸಿಕ್ಕಿಸಿ ನೋಡುತ್ತಿದ್ದರು.

"ಈ ಬೆಳ್ಳಿ ತಂತೀನೂ ಅಷ್ಟೇ ಸುಮಿಯೆ, ಬಲಗಡೆ ಏನೂ ಬರ್ತಿಲ್ಲ."

"ತಂತಿ ತಂತಿಗೂ ದನಿ ಬೇರೆ ಅಂತ ಮದುವೆಯಾದಾಗಿಂದ ತಲೆ ತಿಂದ್ರಲ್ಲ, ಇನ್ನೊಂದು ನೋಡಿ."

"ನಿಂಗೆ ಒಂದು ದಿನಾನೂ ವ್ಯತ್ಯಾಸ ಗೊತ್ತಾಗ್ಲಿಲ್ಲ, ಕಿವುಡಿ."

"ಹೂಂ, ನಾನೇ ಕಿವುಡಿ."

"ತಡಿ, ತಿರುಗಿಸಿ ಹಾಕ್ಕೋತೀನಿ. ತಂತೀದೇ ತಪ್ಪಾದ್ರೆ ಈಗ ಎಡಗಡೆ ಕೇಳಿಸ್ಬಾರ್ದು."

"ಬೇಡ ಬಿಡ್ರೀ."

ಗಂಡ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡರು. ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತಿದ್ದು, ಮೆಲ್ಲಗೆ ತೆಗೆದರು.

"ಈಗ್ಲೂ ಬಲಗಡೇನೇ ಕೇಳಿಸ್ತಿಲ್ಲ. ತಂತೀದೇನೂ ತಪ್ಪಿಲ್ಲ, ಸುಮಿಯೆ."

ಆಕೆ ಅವರ ಕೈಯಿಂದ ಹೆಡ್‌ಫೋನ್ ತೆಗೆದುಕೊಂಡರು.

"ಸೋಮವಾರ ಶಾಲೆ ಪಿಯಾನೊ ಶ್ರುತಿ ಮಾಡ್ಬೇಕು. ಏನಂತ ಹೇಳ್ಲಿ ಅವ್ರಿಗೆ?"

"ನಾನು ಹೇಳ್ತೀನಿ." ಆಕೆ ಹೆಡ್‌ಫೋನ್ ಹಾಕಿಕೊಂಡು ಸ್ವಲ್ಪ ಹೊತ್ತು ಕೇಳಿದರು. "ರೀ, ಈ ಬೆಳ್ಳೀದು ನಿಜವಾಗ್ಲೂ ಚೆನ್ನಾಗಿದೆ. ನಂಗೂ ವ್ಯತ್ಯಾಸ ಗೊತ್ತಾಗ್ತಿದೆ."

"ಸುಳ್ಳುಬುರುಕಿ."

"ತಗೊಳ್ಳೋಣ."

ಇಬ್ಬರೂ ಎದ್ದರು. ಗಂಡನ ಬಲಗಡೆ ಕುಳಿತಿದ್ದ ಆಕೆ ಮೇಜನ್ನು ಸುತ್ತಿಕೊಂಡು ಎಡಗಡೆಗೆ ಬಂದು, ತೋಳು ಹಿಡಿದು, ಏನನ್ನೋ ಹೇಳುತ್ತ ಮೆಟ್ಟಿಲಿಳಿದರು.