ಅಪ್ಪನ ಹೆಪ್ಪು

ವೋಸ್ ಊರಿನ ಬಸ್ಸಿನಲ್ಲಿ ರಗ್ನಾ ಅಜ್ಜಿಯ ಮುಂದಿನ ಸೀಟಿನಲ್ಲಿ ಮುದುಕ ಶೂರ್, ಅವನ ಪಕ್ಕ ತರುಣ ಟೋರ್ಗೈರ್ ಕೂತಿದ್ದರು.

"ಮನೇಲಿ ಬಿಯರ್ ಮಾಡೋಕೆ ಹಳೇ ಫ್ರಿಜ್ಜಿಗೆ ಥರ್ಮೋಸ್ಟಾಟ್ ಕೂರಿಸಿದೆ, ಶೂರಣ್ಣ. ಹದಿನೆಂಟು ಡಿಗ್ರಿ ದಾಟಲ್ಲ."

"ಅಯ್ಯೋ ಮಂಕೇ! ಬಿಯರ್ ಹುದುಗಿಸೋ ನಮ್ಮೂರ ಹೆಪ್ಪಿಗೆ ಬೆಚ್ಚಗಿರಲಿ ಅಂತ ಕಂಬಳಿ ಹೊದಿಸ್ತಾರೆ, ಫ್ರಿಜ್ಜಲ್ಲಿ ಇಡ್ತಾರೇನೋ?"

"ಅದಕ್ಕೇ ಇರಬೇಕು, ಉಕ್ಕಲೇ ಇಲ್ಲ, ಹುಳಿ ಬಂತು. ಎಲ್ಲಾ ಚೆಲ್ಲಿಬಿಟ್ಟೆ. ಅಪ್ಪ ಬಿಟ್ಟುಹೋದ ಹೆಪ್ಪು ಅಷ್ಟೇ ಇದ್ದಿದ್ದು."

ಹಿಂದೆ ಕೂತು ಕೇಳಿಸಿಕೊಳ್ಳುತ್ತಿದ್ದ ರಗ್ನಾ ಅಜ್ಜಿಯ ಹೆಣಿಗೆ ನಿಂತಿತು. ಶೂರ್ ಹುಡುಗನತ್ತ ತಿರುಗಿದ.

"ನಮ್ಮನೇ ಹೆಪ್ಪು ಕೆಟ್ಟ ವರ್ಷ ನಿಮ್ಮಪ್ಪನೇ ತಂದುಕೊಟ್ಟಿದ್ದ ಕಣೋ. ಈಗಲೂ ನಮ್ಮನೇಲಿರೋದು ಅದೇ."

"ಅಪ್ಪಂದೇನಾ?"

"ಹ್ಞೂಂ. ಬಾ, ಕೊಡ್ತೀನಿ. ಆ ಫ್ರಿಜ್ಜು ಆರಿಸಿ ಒಳಗೆ ಒಂದು ಬಲ್ಬ್ ಉರಿಸು, ಬೆಚ್ಚಗಿರುತ್ತೆ."

ಶೂರನ ಸ್ಟಾಪಿನಲ್ಲಿ ಬಸ್ಸು ನಿಂತಿತು. ತನ್ನ ಸ್ಟಾಪು ಇನ್ನೂ ಮುಂದಿದ್ದರೂ ಟೋರ್ಗೈರ್ ಮುದುಕನ ಚೀಲ ಹೊತ್ತು ಹಿಂದೆಯೇ ಇಳಿದ.