ಬಲಗಾಲಿನ ಗೇರು

ಬಸ್ಸಿನ ಕಿಟಕಿಯೊಳಗೆ ತೂರಿಬಂದ, ಕೀಲಿ ಹಿಡಿದ ಕೈಯನ್ನು ನನ್ನ ಪಕ್ಕದ ಹೆಂಗಸು ಹೊರಕ್ಕೇ ತಳ್ಳಿದಳು. ಕಲ್ಯಾಣದುರ್ಗದ ನಿಲ್ದಾಣದಲ್ಲಿ ಹಿಂದೂಪುರದ ಬಸ್ಸು ಇನ್ನೂ ಹೊರಟಿರಲಿಲ್ಲ. ಕೆಳಗೆ ಗ್ರೀಸು ಮೆತ್ತಿದ ಅಂಗಿಯ ಮೆಕ್ಯಾನಿಕ್ ನಿಂತಿದ್ದ.

“ಪದ್ಮಕ್ಕಾ, ಬೈಕ್ ತಗಂಡೋಗಕ್ಕೆ ಬಂದು ಬಸ್ ಹತ್ತಿದೀಯಲ್ಲ. ನಿಮ್ಮಪ್ಪನ ಹಳೇ ಬಿಎಸ್‌ಎ ಒಂದೇ ಕಿಕ್ಕಿಗೆ ಎದ್ದೈತೆ.”

“ಗೇರು ಯಾವ್ ಕಾಲಿಗೈತೆ ಈಶ್ವರಪ್ಪ?”

“ಗೇರು ಎಡಕ್ಕೆ, ಬ್ರೇಕು ಬಲಕ್ಕೆ. ಈಗ ಎಲ್ಲಾ ಗಾಡಿಗೂ ಅಂಗೇ ಅಲ್ವಾ?”

“ಇಂಗ್ಲೆಂಡಿನೋರು ಗೇರು ಬಲಕ್ಕೆ, ಬ್ರೇಕು ಎಡಕ್ಕೆ ಇಟ್ಟಿದ್ರು. ಅಂಗೇ ಉಳ್ಸು ಅಂತ ತಾನೆ ನಾನು ಕೊಟ್ಟಿದ್ದು? ಬೆಂಗಳೂರಿನ ಗುಜರಿ ಅಂಗಡಿಯೆಲ್ಲ ಸುತ್ತಿ ಅದರದ್ದೇ ಪೆಡಲು ತಂದ್ಕೊಟ್ನಲ್ಲ, ಅದೆಲ್ಲಿ?”

“ಅದ್ನೇ ಕುಯ್ದು ಎಡಕ್ಕೆ ವೆಲ್ಡಿಂಗ್ ಮಾಡಿದ್ದು. ಒರಿಜಿನಲ್ಲೇ ಕಣಕ್ಕಾ.”

“ಕುಯ್ದ್ಬುಟ್ಟು ಒರಿಜಿನಲ್ ಅಂತೀಯ? ಸೆಲ್ಲಿಗೆ ಒಂದ್ ಫೋನ್ ಮಾಡಕ್ಕೆ ಏನಾಗಿತ್ತು? ನಮ್ ನಾಯನ ಬೇರೆ ಗಾಡಿ ಓಡ್ಸಿದೋರೇ ಅಲ್ಲ. ಎಮ್ಮೆ ಅಡ್ಡ ಬಂದ್ರೆ ಎಡಗಾಲಲ್ಲೇ ಬ್ರೇಕ್ ಒತ್ತುತಾರೆ, ಗೇರ್ ಬೀಳ್ತದೆ. ನಿನ್ ವೆಲ್ಡಿಂಗ್ ಚೆಂದ ನೋಡಿ ಎಮ್ಮೆ ದಾರಿ ಬಿಡ್ತದಾ?”

“ಒಂದ್ ವಾರ ತಡಿ. ನಾನೇ ಬಂದು ನಾಯನಂಗೆ ಕಲಿಸ್ತೀನಿ.”

“ನಿಂಗೆ ಗಾಡಿ ಕಲ್ಸಿದ್ಯಾರು?”

ಈಶ್ವರಪ್ಪ ಕೀಲಿಯನ್ನು ಅಂಗಿಗೆ ಒರೆಸಿದ.

“ನಾಯನೇ.”

“ಯಾವ್ ಗಾಡೀಲಿ?”

“ಇದ್ರಾಗೇ.”

ಡ್ರೈವರ್ ಹಾರ್ನ್ ಹೊಡೆದ. ಬಸ್ಸು ಅಲುಗಿತು. ಈಶ್ವರಪ್ಪ ಪಕ್ಕದಲ್ಲೇ ನಡೆಯುತ್ತ ಕೈಯನ್ನು ಮತ್ತೆ ಕಿಟಕಿಯೊಳಗೆ ಚಾಚಿದ.

“ಇಳಿದು ಗಾಡಿ ತಗೋ ಅಕ್ಕಾ. ನಾಯನ ಕಾಯ್ತಾ ಇರ್ತಾರೆ.”

“ತಗಳಲ್ಲ.”