ಕೊಂಬು ಬಂದ ಉಪ್ಪು

ಬೆಳಿಗ್ಗೆ ಹತ್ತೂಕಾಲಿಗೆ, ಫಿಸಿಯೋಥೆರಪಿ ಕೋಣೆಯ ಹೊರಗಿನ ಬೆಂಚಿನಲ್ಲಿ, ಎಡಗೈಗೆ ಪಟ್ಟಿ ಕಟ್ಟಿಕೊಂಡ ಟೈಪಿಸ್ಟ್ ಅಕ್ಕನ ತೊಡೆಯ ಮೇಲೆ ಅವಳ ತಮ್ಮ ತನ್ನ ಲ್ಯಾಪ್‌ಟಾಪ್ ಇಟ್ಟ. ಪಕ್ಕದಲ್ಲಿದ್ದ ಮಂಡಿನೋವಿನ ಮೇಷ್ಟ್ರು ಪೇಪರ್ ಬಿಡಿಸಿ ಹಿಡಿದು, ಕಿವಿಯನ್ನು ಅತ್ತ ಕೊಟ್ಟರು.

“ನಾಳೆ ಸಾಹೇಬ್ರ ಮುಂದೆ ನಿಮಿಷಕ್ಕೆ ಹದಿನೈದು ಪದ ಹೊಡೀದಿದ್ರೆ ನನ್ನ ಕುರ್ಚಿ ಹೋಯ್ತು. ಒಂದೇ ಕೈಗೆ ಇಷ್ಟೊಂದು ಕೀ ಎಲ್ಲೋ ಎಟುಕುತ್ತೆ?”

“ಅದಕ್ಕೇ ಕಣೇ ನಾನು ಈ ಕೀಬೋರ್ಡಿಗೆ ಹೊಸ ನಿಯಮ ಬರೆದಿರೋದು! ಉ ಅಕ್ಷರಕ್ಕೂ ಕೊಂಬಿಗೂ ಇನ್ನು ಒಂದೇ ಕೀ. ಹಿಂದೆ ವ್ಯಂಜನ ಇದ್ರೆ ಕೊಂಬು, ಇಲ್ದಿದ್ರೆ ಉ. ಎಲ್ಲಾ ಸ್ವರಕ್ಕೂ ಹಾಗೇ. ‘ನಮ್ಮ ಉಪ್ಪು’ ಅಂತ ಹೊಡಿ.”

ಅಕ್ಕ ಹೊಡೆದಳು. ಉ ಬರಬೇಕಾದಲ್ಲಿ ಬರೀ ಕೊಂಬು ನೇತಾಡುತ್ತಿತ್ತು.

“ಲೋ, ಉಪ್ಪಿಗೇ ಕೊಂಬು ಬಂತಲ್ಲೋ! ಇದೇನು ಎಮ್ಮೆನಾ?”

“ಅಯ್ಯೋ, ಪದಗಳ ಮಧ್ಯದ ಜಾಗ ಲೆಕ್ಕಕ್ಕೇ ಇಟ್ಟಿಲ್ಲ. ಇದು ಜಾಗ ದಾಟಿ ಹೋಗಿ ‘ಮ್ಮ’ ನೋಡ್ಕೊಂಡು ಬಂದಿದೆ. ತಡಿ... ‘ಜಾಗ ಬಂದ್ರೆ ಹಿಂದಿನದ್ದು ಮರೆತುಬಿಡು’ ಅಂತ ನಿಯಮಕ್ಕೆ ಸೇರಿಸ್ತೀನಿ. ಹ್ಞೂಂ, ಈಗ ಹೊಡಿ.”

“ಉಪ್ಪು! ಮೊದಲು ಉ, ಆಮೇಲೆ ಕೊಂಬು, ಒಂದೇ ಕೀನಲ್ಲಿ ಬಂತು ಕಣೋ! ಸಾರ್, ಆ ಪೇಪರ್ ಹೇಗೂ ನೀವು ಓದ್ತಾ ಇಲ್ಲ, ಒಂದು ನಿಮಿಷ ವಾಚ್ ನೋಡ್ತೀರಾ?”

ಮೇಷ್ಟ್ರು ಪೇಪರನ್ನು ಅವಳತ್ತ ತಿರುಗಿಸಿ ಹಿಡಿದು ವಾಚ್ ನೋಡಿದರು. ಅವಳು ಅದರಲ್ಲಿದ್ದ ಸುದ್ದಿಯನ್ನೇ ಹೊಡೆದಳು.

“ನಿಮಿಷಕ್ಕೆ ಹದಿನಾರು ಪದ!” ಎಂದ ತಮ್ಮ.

ಒಳಗಿಂದ ಅಕ್ಕನ ಸರದಿ ಕೂಗಿದರು. ಅಕ್ಕ ತಮ್ಮ ಇಬ್ಬರೂ ಎದ್ದು ಹೋದರು.